ಬಿಸಿನೀರು ಎಲ್ಲಿ ತಡೆಯುತ್ತಿದೆ?

ಹಳೆಯ ಬಾಯ್ಲರ್ ಇರುವ ಮನೆಯಲ್ಲಿ ಬಿಸಿನೀರು ಒಂದೇ ದಿನ ನಿಂತುಹೋಗುವುದಿಲ್ಲ. ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತದೆ. ಎಷ್ಟು ನಿಧಾನವೆಂದರೆ, ಮನೆಯವರೇ ಅದಕ್ಕೆ ಹೊಂದಿಕೊಂಡುಬಿಡುತ್ತಾರೆ. ಒಬ್ಬರು ಸ್ನಾನಕ್ಕೆ ಹೋದರೆ ಇನ್ನೊಬ್ಬರು ಅಡುಗೆಮನೆಯ ಬಿಸಿ ನಲ್ಲಿ ತಿರುಗಿಸುವುದಿಲ್ಲ. ಬಕೆಟ್ ತುಂಬಲು ಇಟ್ಟು ಬೇರೆ ಕೆಲಸ ಮುಗಿಸಿ ಬರುತ್ತಾರೆ. ಇದು ಯಾವಾಗ ಶುರುವಾಯಿತು ಎಂದು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.

ನಮ್ಮ ಮನೆಯಲ್ಲಿ ಇದರ ಕಷ್ಟ ಜಾಸ್ತಿ ತಟ್ಟಿದ್ದು ಅತ್ತೆಯವರಿಗೆ. ವಯಸ್ಸಾದವರು, ಕೂತು ಸ್ನಾನ ಮಾಡುತ್ತಾರೆ. ಶವರ್‌ನಿಂದ ಸಣ್ಣ ಧಾರೆ ಬಂದರೆ ಒಂದು ಭುಜಕ್ಕೆ ಬಿಸಿ, ಇನ್ನೊಂದು ಭುಜಕ್ಕೆ ಚಳಿ. "ಇರ್ಲಿ ಬಿಡಮ್ಮ, ಬಕೆಟ್ ತುಂಬೋವರೆಗೆ ಕಾಯ್ತೀನಿ" ಎನ್ನುತ್ತಿದ್ದರು. ಹಿರಿಯರು ಹೀಗೆ ಇರಲಿ ಬಿಡು ಎಂದಾಗ ನಾವು ಸುಮ್ಮನಿರಬಾರದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಚಳಿಯಲ್ಲಿ ಬೆಚ್ಚಗೆ ಸ್ನಾನ ಮಾಡುವುದು ದೊಡ್ಡ ಆಸೆಯೇನಲ್ಲ.

ಕೇಳಿದವರೆಲ್ಲ ಎರಡರಲ್ಲಿ ಒಂದು ಉತ್ತರ ಕೊಟ್ಟರು. ಬಾಯ್ಲರ್ ಹಳತಾಗಿದೆ, ಹೊಸದು ಹಾಕಿಸಿ. ಇಲ್ಲವೇ, ಒಂದು ಪ್ರೆಶರ್ ಪಂಪ್ ಕೂರಿಸಿ. ಎರಡೂ ಮಾತು ನನಗೆ ಒಪ್ಪಿಗೆಯಾಗಲಿಲ್ಲ. "ಹಳತಾಗಿದೆ" ಎನ್ನುವುದು ಕಾರಣವಲ್ಲ. ನೀರು ಕಡಿಮೆ ಬರುತ್ತಿದೆ ಎಂದರೆ ಅದು ಎಲ್ಲೋ ಒಂದು ಜಾಗದಲ್ಲಿ ತಡೆಯುತ್ತಿದೆ. ಆ ಜಾಗ ಒಂದು ಗೇಣು ಉದ್ದದ ಪೈಪ್ ಇರಬಹುದು, ಉಗುರಿನಷ್ಟು ಅಗಲದ ಜಾಲರಿ ಇರಬಹುದು. ಅದನ್ನು ಹುಡುಕುವ ಮೊದಲೇ ಇಡೀ ಯಂತ್ರ ಬದಲಿಸಿದರೆ, ತಡೆ ಯಂತ್ರದ ಹೊರಗೆ ಇದ್ದಾಗ ಹೊಸ ಬಾಯ್ಲರ್‌ನಿಂದಲೂ ಅದೇ ಸಣ್ಣ ಧಾರೆ ಬರುತ್ತದೆ.

ಮೊದಲು ನಮ್ಮ ಬಾಯ್ಲರ್ ಯಾವ ತರಹದ್ದು ಎಂದು ಹೇಳಿಬಿಡುತ್ತೇನೆ. ಅದು ನೆಲಮಾಳಿಗೆಯಲ್ಲಿದೆ. ಚಳಿಗಾಲದಲ್ಲಿ ಕೋಣೆಗಳನ್ನು ಬೆಚ್ಚಗಿಡುವುದೂ ಅದೇ, ನಲ್ಲಿಗಳಿಗೆ ಬಿಸಿನೀರು ಕೊಡುವುದೂ ಅದೇ. ಬಿಸಿನೀರಿಗೆ ಅಂತ ಬೇರೆ ಟ್ಯಾಂಕ್ ಇಲ್ಲ. ಬಾಯ್ಲರ್‌ನೊಳಗಿನ ಕುದಿಬಿಸಿ ನೀರಿನಲ್ಲಿ ಒಂದು ತಾಮ್ರದ ಕಾಯ್ಲ್, ಅಂದರೆ ಸುರುಳಿ ಸುತ್ತಿದ ಕೊಳವೆ, ಮುಳುಗಿದೆ. ನಲ್ಲಿ ತಿರುಗಿಸಿದಾಗ ಹೊರಗಿನ ತಣ್ಣೀರು ಈ ಕಾಯ್ಲ್‌ನೊಳಗೆ ಹರಿದು, ಸುತ್ತು ಹಾಕುತ್ತಲೇ ಕಾದು ಆಚೆ ಬರುತ್ತದೆ. ಕೋಣೆ ಬೆಚ್ಚಗಿಡುವ ರೇಡಿಯೇಟರ್‌ಗಳಿಗೆ ಹೋಗುವ ನೀರು ಬೇರೆ, ಸ್ನಾನದ ನೀರು ಬೇರೆ. ಎರಡರ ನಡುವೆ ಇರುವುದು ತೆಳ್ಳನೆಯ ತಾಮ್ರದ ಗೋಡೆ ಅಷ್ಟೇ.

ಹುಡುಕಾಟ ಶುರುವಾಗಬೇಕಾದದ್ದು ನೆಲಮಾಳಿಗೆಯಲ್ಲಿ ಅಲ್ಲ, ನಲ್ಲಿಯ ಹತ್ತಿರ. ಒಂದೇ ನಲ್ಲಿಯಲ್ಲಿ ಮೊದಲು ತಣ್ಣೀರು ಪೂರ್ತಿ ಬಿಟ್ಟು ನೋಡಿ. ಆಮೇಲೆ ಬಿಸಿನೀರು ಪೂರ್ತಿ ಬಿಟ್ಟು ನೋಡಿ. ಎರಡೂ ಕಡಿಮೆ ಬಂದರೆ ತೊಂದರೆ ಮನೆಗೆ ಬರುವ ನೀರಿನಲ್ಲೇ ಇದೆ, ಇಲ್ಲವೇ ಆ ನಲ್ಲಿಯ ಬಾಯಲ್ಲಿದೆ. ತಣ್ಣೀರು ಜೋರಾಗಿದ್ದು ಬಿಸಿನೀರು ಮಾತ್ರ ಸೊರಗಿದ್ದರೆ ತಡೆ ಬಿಸಿಯ ದಾರಿಯಲ್ಲಿದೆ. ಇದನ್ನು ಕಣ್ಣಳತೆಗೆ ಬಿಡಬೇಡಿ. ಒಂದು ಬಕೆಟ್, ಒಂದು ಗಡಿಯಾರ ಸಾಕು. ನಮ್ಮಲ್ಲಿ ತಣ್ಣೀರು ನಿಮಿಷಕ್ಕೆ ಸುಮಾರು 11 ಲೀಟರ್ ಬರುತ್ತಿತ್ತು. ಬಿಸಿನೀರು 3 ಲೀಟರ್ ದಾಟುತ್ತಿರಲಿಲ್ಲ. ಈ ಅಂಕಿ ಬರೆದಿಟ್ಟುಕೊಂಡದ್ದು ಕೊನೆಯವರೆಗೂ ಕೆಲಸಕ್ಕೆ ಬಂತು. ಒಂದು ಭಾಗ ಸರಿಮಾಡಿದ ಮೇಲೆ ಎಷ್ಟು ವ್ಯತ್ಯಾಸವಾಯಿತು ಎಂದು ಹೇಳಲು ಅಂದಾಜು ಸಾಲುವುದಿಲ್ಲ.

"ಬಿಸಿನೀರು ಅಂದ್ರೆ ಸ್ವಲ್ಪ ಕಡಿಮೆನೇ ಬರೋದು ಅಲ್ವಾ?" ಎಂದು ಕೇಳುವವರಿದ್ದಾರೆ. ಇಲ್ಲ. ನೀರು ಬಿಸಿಯಾದಷ್ಟೂ ಸಲೀಸಾಗಿ ಹರಿಯುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನ ನೀರಿನ ಸ್ನಿಗ್ಧತೆಗೆ, ಅಂದರೆ ಹರಿಯಲು ಅಡ್ಡಬರುವ ಅಂಟುತನಕ್ಕೆ, ಹೋಲಿಸಿದರೆ 60 ಡಿಗ್ರಿಯ ನೀರಿನದು ಅರ್ಧಕ್ಕಿಂತಲೂ ಕಡಿಮೆ. ಅಂದರೆ ದಾರಿ ಒಂದೇ ತರಹ ಇದ್ದರೆ ಬಿಸಿನೀರು ತಣ್ಣೀರಿಗಿಂತ ಹಿಂದೆ ಬೀಳಲು ಕಾರಣವೇ ಇಲ್ಲ. ಬಾಯ್ಲರ್‌ನೊಳಗಿನ ಸುತ್ತುದಾರಿ, ವಾಲ್ವ್‌ಗಳಿಂದಾಗಿ ಸ್ವಲ್ಪ ಕಡಿಮೆಯಾಗಬಹುದು. ಆದರೆ ಮೂರು, ನಾಲ್ಕು ಪಟ್ಟು ವ್ಯತ್ಯಾಸ ಬಂದರೆ ಅದು ಸಹಜವಲ್ಲ.

ಇನ್ನೊಂದು ವಿಷಯ ಇಲ್ಲಿ ಸ್ಪಷ್ಟವಾಗಬೇಕು. ಒತ್ತಡ ಬೇರೆ, ಹರಿವು ಬೇರೆ. ಬಿಸಿ ನಲ್ಲಿಗೆ ಪ್ರೆಶರ್ ಗೇಜ್ ಕಟ್ಟಿ ನೋಡಿದರೆ ಮುಳ್ಳು ತಣ್ಣೀರಿನಷ್ಟೇ ತೋರಿಸುತ್ತದೆ. ಗೇಜ್ ಸುಳ್ಳು ಹೇಳುತ್ತಿಲ್ಲ. ನೀರು ನಿಂತಿರುವಾಗ ಪೈಪ್ ಎಷ್ಟೇ ಕಟ್ಟಿಕೊಂಡಿರಲಿ, ಸೂಜಿಯಷ್ಟು ಸಂದಿ ಇದ್ದರೂ ಒತ್ತಡ ಎರಡೂ ಕಡೆ ಸಮನಾಗುತ್ತದೆ. ನಲ್ಲಿ ತಿರುಗಿಸಿ ನೀರು ಚಲಿಸತೊಡಗಿದಾಗ ಮಾತ್ರ ತಡೆ ತನ್ನ ಪಾಲು ಕಿತ್ತುಕೊಳ್ಳುತ್ತದೆ. ಹಾಗಾಗಿಯೇ ಬಿಸಿ ನಲ್ಲಿ ತಿರುಗಿಸಿದ ಕೂಡಲೇ ಒಂದು ಕ್ಷಣ ಜೋರಾಗಿ ಚಿಮ್ಮಿ, ಮರುಕ್ಷಣ ಸೊರಗುತ್ತದೆ. ಇದು ಒಳ್ಳೆಯ ಗುರುತು. ಸಾಮಾನ್ಯವಾಗಿ ತಡೆ ನಲ್ಲಿಯ ಬಾಯಲ್ಲಿಲ್ಲ, ಹಿಂದೆ ಎಲ್ಲೋ ಇದೆ ಎಂದರ್ಥ.

ಇದಕ್ಕೆ ಹತ್ತಿರದ ಇನ್ನೊಂದು ಲಕ್ಷಣವಿದೆ. ಎರಡನ್ನೂ ಬೆರೆಸಬಾರದು. ತಣ್ಣಗಿರುವವರೆಗೆ ನೀರು ಚೆನ್ನಾಗಿ ಬಂದು, ಬಿಸಿ ತಲುಪಿದ ಮೇಲೆ ಮೆಲ್ಲಗೆ ಕಡಿಮೆಯಾಗುತ್ತದೆ. ಆಗ ಆ ನಲ್ಲಿಯ ವಾಷರನ್ನು ಅನುಮಾನಿಸಿ. ಕೆಲವು ರಬ್ಬರ್ ವಾಷರ್‌ಗಳು ಬಿಸಿಗೆ ಉಬ್ಬಿ ದಾರಿಯನ್ನು ಮುಚ್ಚುತ್ತವೆ. ಬಿಸಿನೀರಿಗೆ ಸರಿಹೊಂದುವ ವಾಷರ್ ಹಾಕಿದರೆ ಮುಗಿಯಿತು.

ಮುಂದಿನ ಪ್ರಶ್ನೆ, ಒಂದು ನಲ್ಲಿಯೋ ಎಲ್ಲ ನಲ್ಲಿಗಳೋ? ಒಂದೇ ನಲ್ಲಿಯಾದರೆ ಬಾಯ್ಲರ್ ಹತ್ತಿರ ಹೋಗುವುದೇ ಬೇಡ. ನಲ್ಲಿಯ ತುದಿಯಲ್ಲಿ ಸಣ್ಣ ಜಾಲರಿ ಇರುತ್ತದೆ, ಏರೇಟರ್. ಅದನ್ನು ಕೈಯಲ್ಲೇ ತಿರುಗಿಸಿ ಬಿಚ್ಚಬಹುದು. ಸಿಂಕ್ ಕೆಳಗಿನ ಫ್ಲೆಕ್ಸಿಬಲ್ ಹೋಸ್ ಕೂಡ ನೋಡಿ. ಹೊರಗೆ ಹೊಳೆಯುವ ಸ್ಟೀಲ್ ಹೆಣಿಗೆ ಇದ್ದರೂ ಒಳಗಿರುವುದು ರಬ್ಬರ್. ಬಿಸಿಯ ಕಡೆಯದು ಬೇಗ ಹಾಳಾಗಿ ಒಳಗೊಳಗೇ ಕುಸಿಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ.

ಏರೇಟರ್‌ನಲ್ಲಿ ಸಿಕ್ಕ ಕಸವನ್ನು ಎಸೆಯುವ ಮೊದಲು ಒಂದು ಬಟ್ಟಲಿಗೆ ಹಾಕಿ. ಅದು ಮುಂದಿನ ದಾರಿ ತೋರಿಸುತ್ತದೆ. ಕಂದು ಬಣ್ಣದ ಹೊಪ್ಪಳೆ ಆದರೆ ಕಬ್ಬಿಣದ ತುಕ್ಕು. ಕಪ್ಪು, ಮೆತ್ತಗಿನ ತುಣುಕು ಆದರೆ ರಬ್ಬರ್ ಇರಬಹುದು, ಹೋಸ್‌ನದೋ ವಾಷರ್‌ನದೋ. ಬಿಳಿ ಕಣಗಳಾದರೆ ಅವುಗಳ ಮೇಲೆ ವಿನೆಗರ್ ಹಾಕಿ. ಗುಳ್ಳೆ ಬಂದು ಕರಗಿದರೆ ಸುಣ್ಣ. ಏನೂ ಆಗದೆ ಹಾಗೇ ಉಳಿದರೆ ಪ್ಲಾಸ್ಟಿಕ್ ಇರಬಹುದು. ಟ್ಯಾಂಕ್ ಇರುವ ಹೀಟರ್‌ಗಳಲ್ಲಿ ತಣ್ಣೀರನ್ನು ತಳಕ್ಕೆ ಒಯ್ಯುವ ಉದ್ದನೆಯ ಪ್ಲಾಸ್ಟಿಕ್ ಕೊಳವೆ ಇರುತ್ತದೆ, ಡಿಪ್ ಟ್ಯೂಬ್. 1990ರ ದಶಕದ ನಡುವೆ ಅಮೆರಿಕದಲ್ಲಿ ಮಾರಾಟವಾದ ಎಷ್ಟೋ ಹೀಟರ್‌ಗಳಲ್ಲಿ ಈ ಕೊಳವೆ ಬಿಸಿಗೆ ಪುಡಿಪುಡಿಯಾಗಿ ಮನೆಮನೆಯ ನಲ್ಲಿಗಳನ್ನು ಕಟ್ಟಿಹಾಕಿತ್ತು. ಅಲ್ಲಿ ಜನ ನಲ್ಲಿಯ ಜಾಲರಿಯನ್ನು ಎಷ್ಟು ಸಲ ತೊಳೆದರೂ ಪ್ರಯೋಜನವಿರಲಿಲ್ಲ, ಯಾಕೆಂದರೆ ಪುಡಿ ಹುಟ್ಟುತ್ತಿದ್ದದ್ದು ಟ್ಯಾಂಕಿನೊಳಗೆ.

ನಮ್ಮ ಬಟ್ಟಲಿನಲ್ಲಿ ಸಿಕ್ಕದ್ದು ಬಿಳಿ ಕಣ. ವಿನೆಗರ್ ಹಾಕಿದಾಗ ನೊರೆ ಎದ್ದಿತು. ಎಲ್ಲ ನಲ್ಲಿಗಳಲ್ಲೂ ಬಿಸಿನೀರು ಒಂದೇ ಸಮ ಕಡಿಮೆ. ಹಾಗಾಗಿ ತಡೆ ಇರುವುದು ಎಲ್ಲ ನಲ್ಲಿಗಳಿಗೂ ಹಂಚಿಹೋಗುವ ಮೊದಲಿನ ಪೈಪಿನಲ್ಲಿ, ಅಂದರೆ ಬಾಯ್ಲರ್‌ನ ಆಸುಪಾಸಿನಲ್ಲಿ.

ಟ್ಯಾಂಕಿನಿಂದ ಇಳಿದು ಬರುವ ನೀರನ್ನು ನಂಬಿದ ಮನೆಯಾದರೆ ಇಲ್ಲಿ ಇನ್ನೊಂದು ಸಾಧ್ಯತೆ ಇದೆ. ಎತ್ತರದ ಟ್ಯಾಂಕಿನ ನೀರಿನ ಒತ್ತಡ ಬಹಳ ಕಡಿಮೆ. ಪ್ರತಿ ಮೀಟರ್ ಎತ್ತರಕ್ಕೆ ಸುಮಾರು 0.1 ಬಾರ್ ಅಷ್ಟೇ. 3 ಮೀಟರ್ ಮೇಲೆ ಟ್ಯಾಂಕ್ ಇದ್ದರೆ 0.3 ಬಾರ್. ಇಷ್ಟು ಸಣ್ಣ ಒತ್ತಡಕ್ಕೆ ಪೈಪಿನ ಉಬ್ಬಿನಲ್ಲಿ ಸಿಕ್ಕ ಗಾಳಿಯನ್ನು ತಳ್ಳುವ ಶಕ್ತಿ ಇರುವುದಿಲ್ಲ. ನೀರು ಒಂದೇ ಧಾರೆಯಾಗಿ ಬರದೆ ಗೊರಗೊರ ಸದ್ದು ಮಾಡುತ್ತಾ ತುಂಡುತುಂಡಾಗಿ ಬಂದರೆ ಏರ್ ಲಾಕ್ ಇರಬಹುದು. ಟ್ಯಾಂಕ್ ಖಾಲಿಯಾಗಿ ಮತ್ತೆ ತುಂಬಿದ ಮೇಲೆ ತೊಂದರೆ ಶುರುವಾಗಿದ್ದರೆ ಅನುಮಾನ ಇನ್ನೂ ಗಟ್ಟಿ. ಏರ್ ಲಾಕ್ ಒಮ್ಮೆಲೇ ಬರುತ್ತದೆ. ವರ್ಷಗಟ್ಟಲೆ ನಿಧಾನವಾಗಿ ಕಡಿಮೆಯಾದದ್ದಕ್ಕೆ ಅದು ಕಾರಣವಾಗುವುದು ಅಪರೂಪ.

ಬಾಯ್ಲರ್ ಹತ್ತಿರ ಮೊದಲು ನೋಡಬೇಕಾದದ್ದು ವಾಲ್ವ್‌ಗಳು. ಲಿವರ್ ಇರುವ ಬಾಲ್ ವಾಲ್ವ್ ಆದರೆ ನೋಡಿದರೇ ಗೊತ್ತಾಗುತ್ತದೆ. ಲಿವರ್ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ಗಾಲಿಯಂಥ ಹಿಡಿ ಇರುವ ಹಳೆಯ ಗೇಟ್ ವಾಲ್ವ್ ಹಾಗಲ್ಲ. ಅದರೊಳಗಿನ ಹಿತ್ತಾಳೆಯ ಗೇಟ್ ಕೆಲವೊಮ್ಮೆ ಕಾಂಡದಿಂದ ಕಳಚಿ ಕೆಳಗೆ ಕೂತುಬಿಡುತ್ತದೆ. ಹಿಡಿ ಸಲೀಸಾಗಿ ತಿರುಗುತ್ತದೆ, ವಾಲ್ವ್ ಪೂರ್ತಿ ತೆರೆದಂತೆಯೇ ತೋರುತ್ತದೆ, ಆದರೆ ಗೇಟ್ ಅರ್ಧ ದಾರಿಯನ್ನು ಮುಚ್ಚಿರುತ್ತದೆ. ಹೊಸ ಬಾಯ್ಲರ್ ಹಾಕಿಸಿದ ಮೇಲೂ ನೀರು ಸರಿಹೋಗದ ಮನೆಗಳಲ್ಲಿ ಈ ಗೇಟ್ ವಾಲ್ವನ್ನೂ ಬಿಚ್ಚಿ ನೋಡಬೇಕು.

ಆಮೇಲೆ ಮಿಕ್ಸಿಂಗ್ ವಾಲ್ವ್. ಕಾಯ್ಲ್‌ನಿಂದ ಬರುವ ನೀರು ಮೈಮೇಲೆ ಬಿದ್ದರೆ ಸುಡುವಷ್ಟು ಬಿಸಿ ಇರುತ್ತದೆ. ಅದಕ್ಕೆ ತಣ್ಣೀರು ಬೆರೆಸಿ ಹದ ಮಾಡಿ ಕಳಿಸುವುದು ಇದರ ಕೆಲಸ. 60 ಡಿಗ್ರಿಯ ನೀರು ಚರ್ಮವನ್ನು ಗಂಭೀರವಾಗಿ ಸುಡಲು ಕೆಲವೇ ಸೆಕೆಂಡ್ ಸಾಕು. ಸುಮಾರು 49 ಡಿಗ್ರಿಯಾದರೆ ಅಷ್ಟೇ ಸುಡಲು ನಿಮಿಷಗಳು ಬೇಕು. ವಯಸ್ಸಾದವರು, ಮಕ್ಕಳು ಇರುವ ಮನೆಯಲ್ಲಿ ಈ ವಾಲ್ವ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಬೇಕು. ಆದರೆ ಅನೇಕ ವಾಲ್ವ್‌ಗಳಲ್ಲಿ ನೀರು ಒಳಬರುವ ಎರಡೂ ಬಾಯಿಗಳಿಗೆ ಸಣ್ಣ ಜಾಲರಿ ಇರುತ್ತದೆ, ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಇರುತ್ತದೆ. ಕಾಯ್ಲ್‌ನಿಂದ ಕಳಚಿದ ಸುಣ್ಣದ ಚೂರುಗಳು ಬಂದು ನಿಲ್ಲುವುದು ಇಲ್ಲೇ. ನಮ್ಮದನ್ನು ಪ್ಲಂಬರ್ ಬಿಚ್ಚಿದಾಗ ಬಿಸಿಯ ಕಡೆಯ ಜಾಲರಿಯ ಅರ್ಧಕ್ಕಿಂತ ಜಾಸ್ತಿ ಭಾಗ ಬೆಳ್ಳಗೆ ಮುಚ್ಚಿತ್ತು. ಅದನ್ನು ತೊಳೆದು ಹಾಕಿದ ಮೇಲೆ ಬಕೆಟ್ ಅಳತೆ 3 ಲೀಟರ್‌ನಿಂದ 5ರ ಹತ್ತಿರ ಬಂತು.

ಇಲ್ಲಿಗೆ ಸಾಕು ಎಂದು ಬಿಡಬಹುದಿತ್ತು. ಆದರೆ 5 ಅಂದರೆ 11ರ ಅರ್ಧವೂ ಅಲ್ಲ. ಬಂದಿದ್ದ ಪ್ಲಂಬರ್ ತಾಳ್ಮೆಯ ಮನುಷ್ಯ. "ಮೇಡಂ, ಚೂರು ಎಲ್ಲಿಂದ ಬಂತು ಅಂತ ನೋಡ್ಬೇಕಲ್ವಾ?" ಎಂದರು. ಅವರು ಮಾಡಿದ ಪರೀಕ್ಷೆ ನನಗೆ ಬಹಳ ಇಷ್ಟವಾಯಿತು. ಕಾಯ್ಲ್‌ಗೆ ತಣ್ಣೀರು ಒಳಹೋಗುವ ಕಡೆ ಒಂದು ಡ್ರೈನ್ ನಲ್ಲಿ ಇದೆ, ಬಿಸಿನೀರು ಹೊರಬರುವ ಕಡೆ ಇನ್ನೊಂದಿದೆ. ಬಾಯ್ಲರ್ ಆರಿಸಿ ತಣ್ಣಗಾಗಲು ಬಿಟ್ಟರು. ಆಮೇಲೆ ಒಳಹೋಗುವ ಕಡೆಯದನ್ನು ಬಿಟ್ಟರು. ನೀರು ಭರ್ರನೆ ಬಂತು. ಹೊರಬರುವ ಕಡೆಯದನ್ನು ಬಿಟ್ಟರು. ಸೊರಗಿದ ಧಾರೆ. ಎರಡರ ನಡುವೆ ಇರುವುದು ಕಾಯ್ಲ್ ಒಂದೇ. ಇನ್ನು ಊಹೆಗೆ ಜಾಗವೇ ಇಲ್ಲ. ಮನೆಯಲ್ಲಿ ಎಷ್ಟೇ ಉದ್ದದ ಪೈಪ್ ಇರಲಿ, ಹೀಗೆ ನಡುವೆ ಒಂದೊಂದು ಕಡೆ ತೆರೆದು ನೋಡುತ್ತಾ ಹೋದರೆ ಅನುಮಾನದ ಉದ್ದ ಪ್ರತಿ ಸಲವೂ ಕಡಿಮೆಯಾಗುತ್ತಾ ಬರುತ್ತದೆ.

ಕಾಯ್ಲ್ ಕಟ್ಟಿಕೊಳ್ಳುವುದು ಯಾಕೆ? ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿನೀರು ಸುಣ್ಣದಕಲ್ಲನ್ನು ಕರಗಿಸುತ್ತದೆ. ಕರಗಿದ ಸುಣ್ಣ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗಿ ನೀರಿನ ಜೊತೆ ಬರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಇದೇ ಗಡಸು ನೀರು. ನೀರು ಕಾದಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ, ಸುಣ್ಣ ಮತ್ತೆ ಕಲ್ಲಾಗುತ್ತದೆ. ಸಕ್ಕರೆ, ಉಪ್ಪು ಬಿಸಿನೀರಿನಲ್ಲಿ ಇನ್ನಷ್ಟು ಕರಗುತ್ತವೆ. ಕ್ಯಾಲ್ಸಿಯಂ ಕಾರ್ಬೊನೇಟ್ ಇದಕ್ಕೆ ತದ್ವಿರುದ್ಧ, ಬಿಸಿಯಾದಷ್ಟೂ ಕರಗುವುದು ಕಡಿಮೆ. ಹಾಗಾಗಿ ಅದು ನೀರಿನ ನಡುವೆ ಅಲ್ಲ, ಎಲ್ಲಕ್ಕಿಂತ ಬಿಸಿಯಾಗಿರುವ ಜಾಗದಲ್ಲಿ, ಅಂದರೆ ಕಾಯ್ಲ್‌ನ ಗೋಡೆಯ ಮೇಲೇ ಕೂರುತ್ತದೆ. 60 ಡಿಗ್ರಿ ದಾಟಿದ ಮೇಲೆ ಇದು ಇನ್ನೂ ಚುರುಕು. ಗುಹೆಗಳಲ್ಲಿ ಸುಣ್ಣದ ಕಂಬಗಳು ಬೆಳೆಯುವುದೂ ಇದೇ ಕ್ರಿಯೆಯಿಂದ. ಅಲ್ಲಿ ಸಾವಿರಾರು ವರ್ಷ ಹಿಡಿಯುತ್ತದೆ. ಬಾಯ್ಲರ್‌ನಲ್ಲಿ ಬಿಸಿ ಇರುವುದರಿಂದ ಕೆಲವೇ ವರ್ಷ ಸಾಕು.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಕರಗಿದ ಸುಣ್ಣ ಲೀಟರಿಗೆ 120 ಮಿಲಿಗ್ರಾಂ ದಾಟಿದ ನೀರನ್ನು ಸಾಮಾನ್ಯವಾಗಿ ಗಡಸು ಎನ್ನುತ್ತಾರೆ, 180 ದಾಟಿದರೆ ತುಂಬಾ ಗಡಸು. 150 ಮಿಲಿಗ್ರಾಂ ಅಂತ ಇಟ್ಟುಕೊಳ್ಳೋಣ. ಒಂದು ಮನೆ ದಿನಕ್ಕೆ 200 ಲೀಟರ್ ಬಿಸಿನೀರು ಬಳಸಿದರೆ ದಿನಕ್ಕೆ 30 ಗ್ರಾಂ ಸುಣ್ಣ ಕಾಯ್ಲ್ ದಾಟಿ ಹೋಗುತ್ತದೆ. ವರ್ಷಕ್ಕೆ ಹತ್ತಿರ ಹತ್ತಿರ 11 ಕಿಲೋ. ಅದರಲ್ಲಿ ಬಹುಪಾಲು ನೀರಿನ ಜೊತೆಗೇ ಆಚೆ ಹೋಗುತ್ತದೆ ನಿಜ. ಆದರೆ ಬೆರಳಿಗಿಂತ ಸಣ್ಣ ಕೊಳವೆಯಲ್ಲಿ ಅದರ ಒಂದು ಸಣ್ಣ ಪಾಲು ಉಳಿದರೂ ಸಾಕಲ್ವಾ?

ಕೊಳವೆ ಕಿರಿದಾದಾಗ ಹರಿವು ನಾವು ಅಂದುಕೊಂಡದ್ದಕ್ಕಿಂತ ಜೋರಾಗಿ ಬೀಳುತ್ತದೆ. ಕೊಳವೆಯ ಒಳಗಿನ ಅಗಲ ಅರ್ಧವಾದರೆ ನೀರು ಅರ್ಧವಾಗುತ್ತದೆ ಅಂತ ಮನಸ್ಸು ಹೇಳುತ್ತದೆ. ಬಾಯಿಯ ವಿಸ್ತೀರ್ಣ ಕಾಲುಭಾಗಕ್ಕೆ ಇಳಿಯುತ್ತದೆ ಅಂತ ಲೆಕ್ಕ ಬಲ್ಲವರು ಹೇಳುತ್ತಾರೆ. ನಿಜವಾಗಿ ಅದಕ್ಕಿಂತಲೂ ಕಡಿಮೆ. ನೀರು ಸರಬರಾಜು ಎಂಜಿನಿಯರ್‌ಗಳು ನೂರು ವರ್ಷಕ್ಕೂ ಮೇಲ್ಪಟ್ಟು ಬಳಸುತ್ತಿರುವ ಹೇಜನ್–ವಿಲಿಯಮ್ಸ್ ಸೂತ್ರದಲ್ಲಿ ಹರಿವು ವ್ಯಾಸದ 2.63ನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. ಒತ್ತಡ ಅಷ್ಟೇ ಇದ್ದು, ವ್ಯಾಸ ಅರ್ಧವಾದರೆ ಹರಿವು ಆರನೇ ಒಂದು ಭಾಗ. ಸುಣ್ಣ ಕೂತ ಒರಟು ಗೋಡೆಯಲ್ಲಿ ಇನ್ನೂ ಕಡಿಮೆ. 

ಪಂಪ್ ಬೇಡ ಎಂದು ನಾನು ಹಟ ಹಿಡಿದದ್ದಕ್ಕೂ ಇದೇ ಕಾರಣ. ಕಟ್ಟಿಕೊಂಡ ಕೊಳವೆಯಲ್ಲಿ ಹರಿವನ್ನು ಎರಡು ಪಟ್ಟು ಮಾಡಬೇಕಾದರೆ ಒತ್ತಡವನ್ನು ಮೂರೂವರೆ ಪಟ್ಟಿಗಿಂತ ಜಾಸ್ತಿ ಮಾಡಬೇಕು. ಹಳೆಯ ಕಾಯ್ಲ್, ಹಳೆಯ ಜೋಡಣೆಗಳ ಮೇಲೆ ಅಷ್ಟು ಒತ್ತಡ ಹೇರುವುದು ಸರಿಯಲ್ಲ. ಎತ್ತರ ಸಾಲದ ಟ್ಯಾಂಕ್ ಇದ್ದಲ್ಲಿ ಪಂಪ್ ಸರಿಯಾದ ಉತ್ತರ. ತಡೆ ಇದ್ದಲ್ಲಿ ಅಲ್ಲ. ತಡೆಯನ್ನು ಹಾಗೇ ಬಿಟ್ಟು ಜೋರು ಮಾಡಿದರೆ ಅದು ಬೆಳೆಯುತ್ತಲೇ ಇರುತ್ತದೆ.

ಸುಣ್ಣದಿಂದ ಇನ್ನೊಂದು ನಷ್ಟವೂ ಇದೆ. ತಾಮ್ರಕ್ಕೆ ಹೋಲಿಸಿದರೆ ಸುಣ್ಣದ ಪದರ ಶಾಖವನ್ನು ದಾಟಿಸುವುದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದೇ ಬಿಸಿ ಪಡೆಯಲು ಬಾಯ್ಲರ್ ಜಾಸ್ತಿ ಉರಿಯಬೇಕು. ಟ್ಯಾಂಕ್ ಇರುವ ಹೀಟರ್‌ಗಳಲ್ಲಿ ತಳದ ಸುಣ್ಣದ ಕೆಳಗೆ ನೀರು ಸಿಕ್ಕಿಕೊಂಡು ಆವಿಯಾಗಿ, ಗುಡುಗುಡು ಸದ್ದು ಬರುತ್ತದೆ. ಆದರೆ ಟ್ಯಾಂಕ್ ಇರುವವರು ಒಂದು ಗಮನಿಸಬೇಕು. ಬಿಸಿನೀರು ಹೊರಬರುವುದು ಟ್ಯಾಂಕಿನ ಮೇಲ್ಭಾಗದಿಂದ. ತಳದ ಸುಣ್ಣ ತೊಳೆಯುವುದು ಒಳ್ಳೆಯದೇ, ಆದರೆ ಅದರಿಂದ ಹರಿವು ಸರಿಹೋಗುವುದು ಕಡಿಮೆ. ಅವರು ಹುಡುಕಬೇಕಾದದ್ದು ಟ್ಯಾಂಕಿನ ಒಳ-ಹೊರ ಬಾಯಿಗಳ ನಿಪ್ಪಲ್‌ಗಳಲ್ಲಿ, ಅಂದರೆ ಅಲ್ಲಿ ಕೂರಿಸಿದ ಗಿಡ್ಡ ಪೈಪ್ ತುಂಡುಗಳಲ್ಲಿ. ತಾಮ್ರದ ಪೈಪ್ ನೇರವಾಗಿ ಉಕ್ಕಿಗೆ ಸೇರಿದ ಕಡೆ ಉಕ್ಕು ಬೇಗ ತುಕ್ಕು ಹಿಡಿದು ದಾರಿ ಮುಚ್ಚುತ್ತದೆ. ಅಲ್ಲಿ ಎರಡು ಲೋಹಗಳನ್ನು ಬೇರ್ಪಡಿಸುವ ಜೋಡಣೆ ಇರಬೇಕು.

ಇನ್ನು ನಮ್ಮ ಕಾಯ್ಲ್ ತೊಳೆದ ಬಗೆ. ಬಾಯ್ಲರ್‌ನ ಕರೆಂಟ್, ಇಂಧನ ಎರಡನ್ನೂ ಮುಚ್ಚಿ, ಪೂರ್ತಿ ತಣ್ಣಗಾಗಲು ಬಿಡಬೇಕು. ಕಾಯ್ಲ್‌ನ ಎರಡೂ ಕಡೆಯ ವಾಲ್ವ್‌ಗಳನ್ನು ಮುಚ್ಚಿ ಅದನ್ನು ಮನೆಯ ನೀರಿನಿಂದ ಬೇರೆ ಮಾಡಬೇಕು. ಆ ಎರಡು ಡ್ರೈನ್ ನಲ್ಲಿಗಳಿಗೆ ಹೋಸ್ ಕಟ್ಟಿ, ಒಂದು ಸಣ್ಣ ಪಂಪ್‌ನಿಂದ ಬಕೆಟ್‌ನಲ್ಲಿರುವ ಸಿಟ್ರಿಕ್ ಆಸಿಡ್ ನೀರನ್ನು ಸುತ್ತಿಸಬೇಕು. ನಮ್ಮ ಪ್ಲಂಬರ್ ಸಾಮಾನ್ಯ ಹರಿವಿನ ಎದುರು ದಿಕ್ಕಿಗೆ ಸುತ್ತಿಸಿದರು. ಸಡಿಲವಾದ ಚೂರುಗಳು ಕಿರಿದಾದ ಕಡೆಗೆ ನೂಕಿಸಿಕೊಂಡು ಸಿಕ್ಕಿಬೀಳದಿರಲಿ ಅಂತ. ವಾಪಸ್ ಬರುವ ಹೋಸ್‌ನ ಬಾಯಿಗೆ ಬಟ್ಟೆಯ ಸೋಸು ಕಟ್ಟಿದ್ದರು.

ಮೊದಲು ಬಕೆಟ್ ತುಂಬಾ ನೊರೆ. ಸುಣ್ಣ ಕರಗಿ ಇಂಗಾಲದ ಡೈಆಕ್ಸೈಡ್ ಹೊರಬರುವ ನೊರೆ ಅದು. ಆಮ್ಲ ದಣಿದ ಹಾಗೆ ನೊರೆ ಕಡಿಮೆಯಾಗುತ್ತದೆ. ಆಗ ಹೊಸ ದ್ರಾವಣ ಹಾಕಬೇಕು. ಹೊಸದು ಹಾಕಿದರೂ ನೊರೆ ಬರದಿದ್ದರೆ ಕರಗುವಂಥ ಸುಣ್ಣ ಮುಗಿದಿದೆ. ಅಲ್ಲಿಗೆ ನಿಲ್ಲಿಸಬೇಕು, ಇಲ್ಲದಿದ್ದರೆ ಆಮ್ಲ ತಾಮ್ರವನ್ನೇ ತಿನ್ನಲು ಶುರುಮಾಡುತ್ತದೆ. ನೀರಿಗೆ ನೀಲಿ-ಹಸಿರು ಬಣ್ಣ ಬರುತ್ತಿದ್ದರೆ ಅದು ತಾಮ್ರ ಕರಗುತ್ತಿರುವ ಸೂಚನೆ. ಆಮೇಲೆ ಶುದ್ಧ ನೀರನ್ನು ಬಹಳ ಹೊತ್ತು ಹರಿಸಿ ತೊಳೆಯಬೇಕು.

ಬೇಗ ಆಗಲಿ ಅಂತ ಹೈಡ್ರೋಕ್ಲೋರಿಕ್ ಆಸಿಡ್ ಹಾಕುವವರಿದ್ದಾರೆ. ದಯವಿಟ್ಟು ಮನೆಯಲ್ಲಿ ಅದು ಬೇಡ. ಅದು ಸತುವನ್ನು ತಿನ್ನುತ್ತದೆ, ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಸೂಜಿತೂತು ಮಾಡುತ್ತದೆ, ಅದರ ಹೊಗೆ ಎದೆಗೆ ಕೆಟ್ಟದ್ದು. ಯಾವ ಆಮ್ಲವನ್ನೂ ಬ್ಲೀಚ್ ಜೊತೆ ಸೇರಿಸಲೇಬಾರದು. ಕ್ಲೋರಿನ್ ಅನಿಲ ಬರುತ್ತದೆ. ಗಾಳಿ ಕಡಿಮೆ ಇರುವ ನೆಲಮಾಳಿಗೆಯಲ್ಲಿ ಅದು ಜೀವಕ್ಕೇ ಅಪಾಯ.

ಹಳೆಯ ಕಾಯ್ಲ್ ತೊಳೆಯುವ ಮೊದಲು ಒಂದು ಸಂಗತಿ ಒಪ್ಪಿಕೊಂಡಿರಬೇಕು. ಎಲ್ಲೋ ಆಗಿರುವ ಸೂಜಿತೂತನ್ನು ಸುಣ್ಣವೇ ಮುಚ್ಚಿಟ್ಟಿರಬಹುದು. ಸುಣ್ಣ ಹೋದರೆ ತೂತು ತೆರೆಯುತ್ತದೆ. ಇದು ತೊಳೆಯುವುದರಿಂದ ಆದ ಹಾನಿಯಲ್ಲ, ಮೊದಲೇ ಆಗಿದ್ದದ್ದು. ಆದರೆ ಆ ದಿನ ಮನೆಗೆ ಬಿಸಿನೀರು ಇರುವುದಿಲ್ಲ ಎನ್ನುವುದು ನಿಜ. ತೂತಾಗಿದೆಯೇ ಎಂದು ತಿಳಿಯಲು ಬಾಯ್ಲರ್‌ನ ಗೇಜ್ ನೋಡುತ್ತಿರಬೇಕು. ಮನೆಯ ಬಾಯ್ಲರ್‌ನ ಒತ್ತಡ ತಣ್ಣಗಿದ್ದಾಗ 1 ಬಾರ್ ಆಸುಪಾಸಿನಲ್ಲಿರುತ್ತದೆ. ಕಾಯ್ಲ್‌ನೊಳಗಿನ ನೀರಿನದು ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ. ತೂತಿದ್ದರೆ ಆ ನೀರು ಬಾಯ್ಲರ್‌ನೊಳಗೆ ನುಗ್ಗಿ, ಮುಳ್ಳು ತಾನಾಗಿ ಏರುತ್ತಾ ಹೋಗುತ್ತದೆ. ಕೊನೆಗೆ ರಿಲೀಫ್ ವಾಲ್ವ್ ತೊಟ್ಟಿಕ್ಕುತ್ತದೆ. ನಮ್ಮ ಮುಳ್ಳು ಏರಲಿಲ್ಲ. ಆ ರಾತ್ರಿ ಅದನ್ನು ನೋಡಲು ನಾನು ಮತ್ತೆ ಮತ್ತೆ ಕೆಳಗೆ ಇಳಿಯುತ್ತಿದ್ದೆ.

ರಿಲೀಫ್ ವಾಲ್ವ್ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ. ತೊಟ್ಟಿಕ್ಕುತ್ತಿದೆ ಅಂತ ಅದರ ಬಾಯಿಗೆ ಎಂದೂ ಮುಚ್ಚಳ ಹಾಕಬಾರದು. ಒತ್ತಡ ಮಿತಿ ಮೀರಿದಾಗ ಹೊರಹೋಗಲು ಇರುವ ದಾರಿ ಅದೊಂದೇ. ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ಹಾಗೆಯೇ ಬರ್ನರ್, ಹೊಗೆಕೊಳವೆಗಳಿಗೆ ನಾವು ಕೈಹಾಕಬಾರದು. ಇಂಧನ ಸರಿಯಾಗಿ ಉರಿಯದಿದ್ದಾಗ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಪರವಾನಗಿ ಇರುವವರ ಕೆಲಸ. ಹಳೆಯ ಬಾಯ್ಲರ್, ಪೈಪ್‌ಗಳ ಮೇಲೆ ಬೆಳ್ಳಗಿನ, ಪ್ಲಾಸ್ಟರ್‌ನಂಥ ಹೊದಿಕೆ ಇದ್ದರೆ ಅದನ್ನು ಕೆರೆಯಬೇಡಿ. 1970ರ ದಶಕದವರೆಗೂ ಅಂಥ ಹೊದಿಕೆಗೆ ಆಸ್ಬೆಸ್ಟಾಸ್ ಬಳಸುವುದು ಸಾಮಾನ್ಯವಾಗಿತ್ತು. ಅದರ ಪುಡಿ ಶ್ವಾಸಕೋಶಕ್ಕೆ ಹೋಗಬಾರದು. ಇನ್ನೊಂದು, ಹಳೆಯ ತಾಮ್ರದ ಜೋಡಣೆಗಳ ಬೆಸುಗೆಯಲ್ಲಿ ಸೀಸ ಇರುವ ಸಾಧ್ಯತೆ ಇದೆ. ಬಿಸಿನೀರಿಗೆ ಸೀಸ ಬೇಗ ಕರಗುತ್ತದೆ. ಕುಡಿಯಲು ಬಿಸಿ ನಲ್ಲಿಯ ನೀರು ಹಿಡಿಯಬೇಡಿ. ತಣ್ಣೀರು ಹಿಡಿದು ಕಾಯಿಸಿಕೊಳ್ಳಿ.

ಕಾಯ್ಲ್ ತೊಳೆದ ಮೇಲೆ ಬಕೆಟ್ ಅಳತೆ ನಿಮಿಷಕ್ಕೆ 9 ಲೀಟರ್. ಅತ್ತೆಯವರು ಶವರ್ ಕೆಳಗೆ ಕೂತು ನಿಧಾನವಾಗಿ, ನೆಮ್ಮದಿಯಾಗಿ ಸ್ನಾನ ಮಾಡಿ ಬಂದರು. "ಈಗ ಬೆನ್ನಿಗೂ ಬಿಸಿ ತಾಗತ್ತೆ ನೋಡು" ಎಂದರು. ಅದನ್ನು ಕೇಳಿ ನನಗಾದ ಸಂತೋಷ ದೊಡ್ಡದು. ಬಾಯ್ಲರ್ ಅದೇ, ಅದೇ ಹಳೆಯದು. ಯಾವ ಯಂತ್ರಕ್ಕೂ ಒಂದು ದಿನ ಕೊನೆ ಇರುತ್ತದೆ. ಇದರ ಉಕ್ಕಿನ ಮೈ ಬಿರುಕು ಬಿಟ್ಟರೆ, ಹೊಗೆ ಸರಿಯಾಗಿ ಹೋಗದಿದ್ದರೆ ನಾನೂ ಹೊಸದನ್ನೇ ತರುತ್ತೇನೆ. ಆದರೆ ಒಂದು ಜಾಲರಿ, ಒಂದು ಕಾಯ್ಲ್ ಕಟ್ಟಿಕೊಂಡದ್ದಕ್ಕೆ ಗಟ್ಟಿಯಾಗಿರುವ ಯಂತ್ರವನ್ನು ಗುಜರಿಗೆ ಹಾಕುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

9 ಅಂದರೂ 11 ಅಲ್ಲ. ಉಳಿದದ್ದು ಎಲ್ಲಿದೆ ಎನ್ನುವುದೂ ಈಗ ಗೊತ್ತಾಗಿದೆ. ಕೆಳಗಿನ ನಲ್ಲಿಗಳಲ್ಲಿ 10 ಬರುತ್ತದೆ, ಮೇಲಿನ ಬಚ್ಚಲಿನಲ್ಲಿ ಮಾತ್ರ 9. ಎತ್ತರದ ವ್ಯತ್ಯಾಸ ಸ್ವಲ್ಪ ಇದ್ದೇ ಇರುತ್ತದೆ. ಆದರೆ ಅಲ್ಲಿಗೆ ಹೋಗುವ ಒಂದು ತುಂಡು ಪೈಪ್ ಇನ್ನೂ ಹಳೆಯ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣ. ಈ ಲೇಪ ತಣ್ಣೀರಿನಲ್ಲಿ ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ನೀರು 60 ಡಿಗ್ರಿ ದಾಟಿದರೆ ಕೆಲವು ಬಗೆಯ ನೀರಿನಲ್ಲಿ ಪಾತ್ರ ಅದಲುಬದಲಾಗುತ್ತದೆ. ಸತು ಉಳಿದು, ಅದರ ಬಿರುಕಿನಲ್ಲಿ ಕಬ್ಬಿಣವೇ ಸವೆಯತೊಡಗುತ್ತದೆ. ಪೈಪಿನೊಳಗೆ ತುಕ್ಕಿನ ಗಂಟುಗಳು ಏಳುತ್ತವೆ. ಸಿಟ್ರಿಕ್ ಆಸಿಡ್‌ನಿಂದ ಅದನ್ನು ತೊಳೆಯಲು ಹೋಗುವುದು ಬೇಡ ಎಂದು ಪ್ಲಂಬರ್ ಹೇಳಿದರು. ತುಕ್ಕು ಹೋದರೆ ಪೈಪ್ ಉಳಿಯುತ್ತದೋ ಇಲ್ಲವೋ ಹೇಳಲಾಗದು. ಅದನ್ನು ಬದಲಿಸಲೇಬೇಕು. ಗೋಡೆ ಸ್ವಲ್ಪ ಒಡೆಯಬೇಕಾಗುತ್ತದೆ. ಬೇಸಿಗೆ ಬರಲಿ, ಕೋಣೆ ಬೆಚ್ಚಗಿಡುವ ಕೆಲಸ ಬಾಯ್ಲರ್‌ಗೆ ಇಲ್ಲದಿರುವಾಗ ಅದನ್ನು ಮಾಡಿಸುತ್ತೇವೆ. ಜೊತೆಗೆ ಅಲ್ಲಿರುವ ಗೇಟ್ ವಾಲ್ವ್ ತೆಗೆದು ಬಾಲ್ ವಾಲ್ವ್ ಹಾಕಿಸಬೇಕು.